ಉಪ್ಪಿಲ್ಲದ ಪಥ್ಯ

ಸುನಿತಾ ಒಲೆಯ ಪಕ್ಕದಿಂದ ಪಾತ್ರೆ ಎತ್ತಿಕೊಂಡು ಹಿತ್ತಿಲಿಗೆ ಹೊರಟಿದ್ದಳು. ಹೆಣ ಎತ್ತುವ ಮುಂಚೆ ಮನೆಯಲ್ಲಿ ಬೇಯಿಸಿಟ್ಟದ್ದನ್ನೆಲ್ಲ ಚೆಲ್ಲಬೇಕು. ಸತ್ತವನ ಹೆಂಡತಿ ಬೆಳ್ಳಮ್ಮ ಅವಳ ಕೈ ಹಿಡಿದುಕೊಂಡಳು.

"ಅದ ಚೆಲ್ಬ್ಯಾಡ ಕಣವ್ವ. ನಿಮ್ಮ ದೊಡ್ಡಪ್ಪಂಗೆ ನೆನ್ನೆ ಮಾಡಿದ್ದು."

"ನಾರ್ತಾ ಅದೆ, ದೊಡ್ಡವ್ವ."

"ನಾರ್ಲಿ ಬುಡು."

ಹೊರಗೆ ಕೆಂಪಸಿದ್ದಯ್ಯನ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಅವನ ಮಾಂಸದಂಗಡಿಯನ್ನು ಈಗ ನೋಡಿಕೊಳ್ಳುವ ತಮ್ಮ ಮಹದೇವು ಚಟ್ಟ ಕಟ್ಟುತ್ತಿದ್ದ. ಸಾವಿನ ಮನೆ ಅಂತ ಜನ ಬಾಯಿಗೆ ಬೀಗ ಹಾಕುತ್ತಾರೆಯೇ?

"ಹಂದಿ ಕುಯ್ದ ಪಾಪ ಸುತ್ಕತ್ತು ಕಣ್ಲಾ" ಎಂದ ಒಬ್ಬ.

"ಸುಮ್ಕಿರ್ಲಾ. ನೀನು ತಿಂದಿಲ್ವಾ?" ಎಂದ ಮಹದೇವು.

ಕೆಂಪಸಿದ್ದಯ್ಯ ಮಳವಳ್ಳಿಯಲ್ಲಿ ಹಂದಿ ಮಾಂಸ ಮಾರುತ್ತಿದ್ದ. ಹಂದಿಯ ಹೊಟ್ಟೆಯೊಳಗಿನ ಮೇದೋಜೀರಕ ಗ್ರಂಥಿಯನ್ನು ಐಸ್ ಡಬ್ಬಿಯಲ್ಲಿಟ್ಟು ಸೋಮನಹಳ್ಳಿ ಕಡೆಯ ಲ್ಯಾಬೊಂದಕ್ಕೆ ಕೊಟ್ಟುಬರುತ್ತಿದ್ದ. ಅದರಿಂದ ಕ್ಯಾನ್ಸರ್ ಸಾಯಿಸುವ ಔಷಧಿ ಹುಡುಕುತ್ತಾರೆಂದು ಊರಿಗೆಲ್ಲ ಹೇಳಿಕೊಂಡಿದ್ದ. ಕೊನೆಗೆ ಆ ರೋಗ ಅವನ ಹೊಟ್ಟೆಗೇ ಬಂತು.

ಲ್ಯಾಬಿನ ಅರುಂಧತಿ ಬಂದು ಹಾರ ಹಾಕಿದಾಗ ಬೆಳ್ಳಮ್ಮ ಅವಳನ್ನು ಒಳಗೆ ಕರೆದು ಪಾತ್ರೆಯಲ್ಲಿದ್ದ ಬೇಯಿಸಿದ ಮೇದೋಜೀರಕವನ್ನು ತೋರಿಸಿದಳು.

"ನಿಮ್ಮ ಔಸ್ದಿ ಇದ್ರಲ್ಲೇ ಇರದು ಅಲ್ವಾ? ಉಪ್ಪಾಕ್ದೆ, ಪಥ್ಯ ಅಂತ ಬೇಯಿಸಿ ಕೊಡ್ತಿದ್ದೆ. ಬೇಯಿಸಿದ್ರೆ ಸಕ್ತಿ ಓಯ್ತದೆ ಅಂದ್ರು ಯಾರೋ. ನಾನೇ ಕೊಂದ್ನೇನವ್ವ?"

"ಇಲ್ಲಮ್ಮ. ಹಸೀದೇ ಕೊಟ್ಟಿದ್ರೂ ಹೊಟ್ಟೇಲಿ ಜೀರ್ಣ ಆಗಿಹೋಗ್ತಿತ್ತು. ನಾವು ಅದರ ಕಿಣ್ವ ತೆಗೆದು, ರೋಗದ ವಿರುದ್ಧ ಹೋರಾಡೋ ಪ್ರೋಟೀನ್ ಜೊತೆ ಸೇರಿಸ್ತೀವಿ. ಅದೂ ಇನ್ನೂ ಗಾಜಿನ ತಟ್ಟೇಲೇ ಇದೆ. ಮನುಷ್ಯರಿಗೆ ಕೊಟ್ಟಿಲ್ಲ."

"ಇದು ಅವ್ರಿಗೆ ಗೊತ್ತಿತ್ತಾ?"

"ಗೊತ್ತಿತ್ತಮ್ಮ. ನನ್ನನ್ನೇ ಕೇಳಿದ್ರು" ಎಂದಳು ಅರುಂಧತಿ.

*

ಹೋದ ಬೇಸಿಗೆಯಲ್ಲಿ, ತನ್ನ ರೋಗ ಗೊತ್ತಾದ ಮೇಲೆ, ಕೆಂಪಸಿದ್ದಯ್ಯ ಲ್ಯಾಬಿನ ಬಾಗಿಲಲ್ಲಿ ಡಬ್ಬಿ ಇಳಿಸಿ ಕೇಳಿದ್ದ.

"ಇದ್ನ ತಿಂದ್ರೆ ವಾಸಿಯಾಯ್ತದಾ ಮೇಡಂ?"

"ಇಲ್ಲಣ್ಣ. ತಿಂದ್ರೆ ಆಗಲ್ಲ."

ಅವನು ಡಬ್ಬಿಯ ಮುಚ್ಚಳ ತೆಗೆದ.

"ಆದ್ರೂ ಒಂಚೂರು ಮನೆಗೆ ತಕಂಡೋಯ್ತೀನಿ. ನಮ್ಮ ಬೆಳ್ಳಮ್ಮಂಗೆ ಇದ್ನ ಏಳ್ಬ್ಯಾಡಿ. ಮಕ್ಳುಮರಿ ಇಲ್ಲ, ಸುಮ್ನೆ ಕುಂತ್ರೆ ಅಳ್ತಾಳೆ. ಬೇಯಿಸ್ಕಂಡಾದ್ರೂ ಇರ್ಲಿ."

*

ಇದನ್ನೆಲ್ಲ ಅರುಂಧತಿ ಹೇಳಿದಳು. ಬೆಳ್ಳಮ್ಮ ಪಾತ್ರೆಯನ್ನು ಹತ್ತಿರ ಎಳೆದುಕೊಂಡಳು.

"ಚೆಂದಾಗದೆ ಕಣಮ್ಮಿ ಅನ್ನೋರು" ಎಂದಳು. "ತಟ್ಟೆ ಬಳ್ಕಂಡು ತಿನ್ನೋರು."

"ಅತ್ತಿಗೆ, ಬಾ, ಅಣ್ಣನ ಬಾಯಿಗೆ ಅಕ್ಕಿ ಆಕು" ಎಂದು ಹೊರಗಿಂದ ಮಹದೇವು ಕರೆದ.

ಔಷಧಿಯೆಂದು ಬೆಳ್ಳಮ್ಮ ಅದರ ರುಚಿಯನ್ನು ಒಮ್ಮೆಯೂ ನೋಡಿರಲಿಲ್ಲ. ಪಾತ್ರೆಯಿಂದ ಒಂದು ತುಂಡು ತೆಗೆದು ಬಾಯಿಗಿಟ್ಟುಕೊಂಡಳು. ಉಪ್ಪಿಲ್ಲದ್ದು, ಹಳಸಿ ನಾರುತ್ತಿತ್ತು. ಆದರೂ ಉಗುಳಲಿಲ್ಲ.

ಮಹದೇವು ಮತ್ತೆ ಕರೆದ. ಅವಳು ತುಟಿ ಬಿಗಿದು ಅಗಿಯುತ್ತಲೇ ಎದ್ದು, ಹಿಡಿ ಅಕ್ಕಿ ತೆಗೆದುಕೊಂಡು ಗಂಡನ ಬಳಿ ನಡೆದಳು.