ಬಳೆ ಒಡೆಯುವ ಕಂಬ

ಕೈಗೆ ಉಳಿ ಸಿಕ್ಕಿದ್ದರೆ ಎಸೆದೇಬಿಡುತ್ತಿದ್ದೆ, ಅಷ್ಟು ಸಿಟ್ಟು ಬಂದಿತ್ತು ಅವತ್ತು. ಆಯುಧಪೂಜೆಯ ಬೆಳಿಗ್ಗೆ ಪೀಣ್ಯದ ಶೆಡ್ಡಿಗೆ ಬಂದು ನೋಡಿದರೆ, ಬಿಚ್ಚಿ ತಂದಿದ್ದ ಬಂಗಲೆಯ ಹದಿನಾಲ್ಕು ತೇಗದ ಕಂಬಗಳೂ ಮಿರಮಿರ ಮಿಂಚುತ್ತಿವೆ. ಒಂದೊಂದಕ್ಕೂ ವಿಭೂತಿ, ಕುಂಕುಮ, ಸೇವಂತಿಗೆ. ಯಾವ ಕಂಬ ಯಾವ ಕಲ್ಲಿನದೆಂದು ನಾನು ಸೀಮೆಸುಣ್ಣದಲ್ಲಿ ಬರೆದಿದ್ದ ನಂಬರು ಮಾತ್ರ ಒಂದೂ ಇಲ್ಲ.

"ಯಾರು ತೊಳೆದೋರು?"

"ನಾನೇ ಕಣ್ ಮೇಸ್ತ್ರಿ," ಅಂದಳು ಅಂಜಿನಮ್ಮ, ಮುಖ ಅರಳಿಸಿಕೊಂಡು. "ಅಬ್ಬದ ದಿನಾನೂ ಮೈಮೇಲೆ ಗೀಚಿಸ್ಕೊಂಡು ಬಿದ್ದವಲ್ಲ ಅಂತ ಒಟ್ಟೆ ಉರೀತು."

ತುಮಕೂರಿನ ಆಚೆ, ಹೆದ್ದಾರಿ ಬದಿಯಲ್ಲಿ ನೂರು ವರ್ಷದಿಂದ ನಿಂತಿದ್ದ ಅತಿಥಿಗೃಹ ಅದು. ಊರೂರು ಸುತ್ತುವ ಅಮಲ್ದಾರರು, ಇಂಜಿನಿಯರುಗಳು ತಂಗುತ್ತಿದ್ದರು. ರಸ್ತೆ ಅಗಲ ಮಾಡಲು ಒಡೆಯಹೊರಟಾಗ ಧಣಿ ಶ್ಯಾಮಣ್ಣನವರು ಹರಾಜಿನಲ್ಲಿ ಕೊಂಡರು. ಇದೇ ಪೀಣ್ಯದಲ್ಲಿ ಎರಡು ಫ್ಯಾಕ್ಟರಿಗಳ ನಡುವೆ ಉಳಿದಿದ್ದ ಅವರ ಹಳೇ ರಾಗಿಹೊಲದಲ್ಲಿ ಅದನ್ನು ಇದ್ದ ಹಾಗೇ ಎತ್ತಿ ನಿಲ್ಲಿಸುವ ಕೆಲಸ ನನ್ನದು. ಮೂವತ್ತು ವರ್ಷ ಅಲ್ಲಿ ಗುಡಿಸಿ ಒರೆಸಿದ ಅಂಜಿನಮ್ಮನೂ ಮರದ ಜೊತೆಗೇ ಬಂದು, ಬಾಗಲಗುಂಟೆಯಲ್ಲಿ ರೂಮು ಹಿಡಿದಿದ್ದಳು.

ಹಬ್ಬದ ದಿನ, ಇಪ್ಪತ್ತು ಜನರ ಎದುರು ಅವಳಿಗೆ ಬಾಯಿಗೆ ಬಂದ ಹಾಗೆ ಬೈದೆ. ಗೇಟಿನ ತನಕ ಅಟ್ಟಿಕೊಂಡು ಹೋಗಿ, ವಾಚ್‌ಮನ್ ರುದ್ರೇಶನಿಗೆ, "ಈ ಯಮ್ಮ ಇನ್ಮೇಲೆ ಒಳಗೆ ಕಾಲಿಡಬಾರ್ದು" ಅಂದೆ. ಅವಳು ಹೊರಟುಹೋದಳು. ಬಣ್ಣದಲ್ಲಿ ಬರೆಯದೆ ಸೀಮೆಸುಣ್ಣ ಹಿಡಿದವನು ನಾನೇ, ತಪ್ಪು ನನ್ನದೇ. ಅವತ್ತು ಅದನ್ನು ಒಪ್ಪಿಕೊಳ್ಳುವ ಯೋಗ್ಯತೆ ನನಗಿರಲಿಲ್ಲ.

ಗೃಹಪ್ರವೇಶಕ್ಕೆ ಒಂದೂವರೆ ತಿಂಗಳಿತ್ತು. ಕೈಯಲ್ಲಿ ಕೆತ್ತಿದ ಕಂಬಗಳು. ಒಂದು ಇನ್ನೊಂದಕ್ಕಿಂತ ಅರ್ಧ ಇಂಚು ಗಿಡ್ಡ, ಒಂದರ ಬುಡ ಇನ್ನೊಂದರ ಕಲ್ಲಿಗೆ ಕೂರುವುದಿಲ್ಲ. ಎತ್ತು, ಇಳಿಸು, ಮತ್ತೆ ಎತ್ತು. ನನಗೆ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ತಂದಿಟ್ಟ ಟೀ ಆರಿಹೋಗುತ್ತಿತ್ತು. ಆರನೇ ದಿನ ಮಾನ ಬಿಟ್ಟು ಸ್ಕೂಟರ್ ಹತ್ತಿ ಬಾಗಲಗುಂಟೆಗೆ ಹೋದೆ.

ಅಂಜಿನಮ್ಮ ಸೊಪ್ಪು ಬಿಡಿಸುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ, "ಕೈ ಎಟುಕೋಗಂಟ ಯಾವ್ದು ಎಲ್ಲೀದು ಅಂತ ನಾನು ಏಳ್ತೀನಿ. ಸೂರಿಂದು ನಂಗೊತ್ತಿಲ್ಲ, ಅದು ನಿಂದು" ಅಂದು ಎದ್ದಳು.

ದಿನಾ ನನ್ನ ಸ್ಕೂಟರಿನ ಹಿಂದೆ ಬಂದಳು. ಕಣ್ಣಲ್ಲಿ ನೋಡಲೇ ಇಲ್ಲ, ಅಂಗೈಯಲ್ಲಿ ಸವರುತ್ತಾ ಹೋದಳು. "ಇದು ಸಾಯೇಬ್ರು ಕೋಟು ತಗಲಾಕ್ತಿದ್ದಿದ್ದು, ಮೊಳೆ ತೂತ ನೋಡು. ಇದು ಬಚ್ಚಲು ಕಡೇದು, ನೀರು ಕುಡ್ದು ಬುಡ ಊದೈತೆ." ಒಂದರ ಸಿಗುರಿಗೆ ಅವಳ ಬಳೆ ತಗುಲಿ ಫಟ್ಟನೆ ಒಡೆಯಿತು. ಅವಳು ಗೊಳ್ಳನೆ ನಕ್ಕಳು. "ಇದೇ ಕಣ್ ಮೇಸ್ತ್ರಿ ಅಡುಗೆಮನೆ ಬಾಗ್ಲುದು! ಮೂವತ್ ವರ್ಸದಿಂದ ನನ್ ಬಳೆ ತಿಂತೈತೆ."

ಹದಿನಾಲ್ಕೂ ಅವಳು ಹೇಳಿದ ಕಲ್ಲಿನ ಮೇಲೆ ಕೂತವು. ನನ್ನ ಬಾಯಿಂದ 'ತಪ್ಪಾಯ್ತು' ಅನ್ನುವ ಒಂದು ಮಾತು ಹೊರಡಲಿಲ್ಲ. ಗೃಹಪ್ರವೇಶದ ದಿನ ಎಲ್ಲರೆದುರೇ ಹೇಳೋಣ ಅಂದುಕೊಂಡೆ. ಹೊಸಿಲಿಗೆ ಮೊದಲ ಅರಿಶಿನ ಕುಂಕುಮ ಅಂಜಿನಮ್ಮನದೇ ಆಗಬೇಕೆಂದು ಧಣಿಗಳನ್ನು ಒಪ್ಪಿಸಿದೆ. ಅವಳಿಗೆ ಹೇಳಿದ್ದು ಇಷ್ಟೇ: "ಗುರುವಾರ ಬಾ, ಒಂಬತ್ತಕ್ಕೆ."

ಗುರುವಾರ ಒಂಬತ್ತಾಯಿತು, ಒಂಬತ್ತೂವರೆಯಾಯಿತು. ಅರಿಶಿನ ಕುಂಕುಮದ ತಟ್ಟೆ ಹಿಡಿದುಕೊಂಡು ಜಗುಲಿಯ ಮೇಲೆ ಅತ್ತಿಂದಿತ್ತ ಓಡಾಡಿದೆ. ಮುಹೂರ್ತ ಮೀರುತ್ತದೆಂದು ಪುರೋಹಿತರು ಗೊಣಗಿದರು. ಕೊನೆಗೆ ಧಣಿಗಳ ಸೊಸೆ ಮಂಜುಶ್ರೀಯವರೇ ಹೊಸಿಲಿಗೆ ಕುಂಕುಮ ಇಟ್ಟರು.

ಬರಲಿಲ್ಲವಲ್ಲ, ಎಂಥ ಹೆಂಗಸು ಎಂದು ಗೊಣಗುತ್ತಾ ಗೇಟಿಗೆ ಹೋದೆ.

"ಅಂಜಿನಮ್ಮ ಬಂದಿಲ್ವೇನೋ?"

"ಬಂದಿತ್ತು ಸಾರ್, ಹೊಸ ಸೀರೆ ಉಟ್ಕೊಂಡು," ಅಂದ ರುದ್ರೇಶ ಹೆಮ್ಮೆಯಿಂದ. "ನಾನ್ ಬಿಡ್ಲಿಲ್ಲ. ನೀವೇ ಹೇಳಿದ್ರಲ್ಲ, ಕಾಲಿಡಬಾರ್ದು ಅಂತ. ನಿಮ್ ಗಾಡೀಲಿ ಬಂದಾಗ ಬಿಡ್ತಿದ್ದೆ. ಇವತ್ತು ಆ ಯಮ್ಮ ಒಂದೇ ಬಂತು."

"ಏನಂದ್ಲೋ?"

"'ಮೇಸ್ತ್ರಿನೇ ಏಳಿದ್ರಾ?' ಅಂತು. ಹೂಂ ಅಂದೆ. 'ಅಂಗಾದ್ರೆ ಸರಿ ಬುಡು' ಅಂದು, ಕಂಬಕ್ಕೆ ಒರೆಸಕ್ಕೆ ಅಂತ ಇದನ್ನ ಕೊಟ್ಟು ಹೋಯ್ತು."

ಅವನ ಕೈಯಲ್ಲಿ ಒಂದು ಬಾಟಲಿ ಎಣ್ಣೆ, ಮಡಿಸಿದ ಬಟ್ಟೆ ಇತ್ತು. ಸ್ಕೂಟರಿನ ಕೀಲಿ ಒಳಗೆ ಜಗುಲಿಯ ಮೇಲಿತ್ತು. ಅದನ್ನು ತರಲೂ ನಿಲ್ಲದೆ ಬಾಗಲಗುಂಟೆಯ ಕಡೆಗೆ ಓಡಿದೆ.