ಇಳಿಯದೂರಿಗೆ ಚೆನ್ನೆಮಣೆ

ನೀಲು ಎಂಬ ಅಂಬಿಗಿತ್ತಿ ಹೊಳೆಯ ನಡುವೆ ಹುಟ್ಟು ಎತ್ತಿ ಹಿಡಿದು ಕೂತು ಆರು ವರ್ಷವಾಗಿತ್ತು. ಪಾಪ, ಅವಳದ್ದೇನೂ ತಪ್ಪಿಲ್ಲ. ಅವಳ ಪಾತ್ರ ಆಡುತ್ತಿದ್ದ ಸುಪ್ರೀತಾ ಮದುವೆಯಾಗಿ ಮಸ್ಕತ್ತಿಗೆ ಹೋದಳು, ಆಟ ಅಲ್ಲಿಗೇ ನಿಂತಿತು.

ನೀಲುವಿನ ಹೊಳೆ, ಅವಳ ಊರು ಎರಡೂ ಬಂಟ್ವಾಳದ ಸುಪ್ರೀತಾ ಮತ್ತವಳ ಅಕ್ಕ ಸೇರಿ ಕತೆಯಾಗಿ ಕಟ್ಟಿದ್ದು. ಶಾಲೆಗೆ ಹೋಗುವ ಕಾಲದಲ್ಲಿ ಒಮ್ಮೆ ನೇತ್ರಾವತಿ ಉಕ್ಕಿ ಪೇಟೆಯೊಳಗೆ ನುಗ್ಗಿದಾಗ ಇಬ್ಬರೂ ಮಹಡಿಯ ಕಿಟಕಿಯಲ್ಲಿ ಕೂತಿದ್ದರು. "ಈ ನೀರು ಇಳಿಯದೇ ಇದ್ದರೆ?" ಎಂದಳು ಅಕ್ಕ ಸಾತ್ವಿಕಾ. "ಶಾಲೆಗೆ ದೋಣಿಯಲ್ಲಿ ಹೋಗುವ," ಎಂದಳು ತಂಗಿ. ಇಳಿಯದೂರು ಹುಟ್ಟಿದ್ದು ಹಾಗೆ. ಅಲ್ಲಿ ರಾಜ ಇಲ್ಲ, ರಾಕ್ಷಸ ಇಲ್ಲ, ಕತ್ತಿಯಂತೂ ಇಲ್ಲವೇ ಇಲ್ಲ. ಜನ ಮಹಡಿಗಳಲ್ಲಿ ಬದುಕಿ ಕಿಟಕಿಗೆ ದೋಣಿ ಕಟ್ಟುತ್ತಾರೆ. ಹೊಳೆ ದಾಟಬೇಕಾದರೆ ಹೊಳೆಗೊಂದು ನೆನಪು ಕೊಡಬೇಕು. ಕೊಟ್ಟ ನೆನಪು ಮತ್ತೆ ನಿಮ್ಮದಲ್ಲ.

ಸಾತ್ವಿಕಾ ಕತೆ ನಡೆಸುತ್ತಿದ್ದಳು, ಸುಪ್ರೀತಾ ಅದರೊಳಗೆ ನೀಲುವಾಗಿ ಮಾತಾಡುತ್ತಿದ್ದಳು. ನೀಲು ಮಾಡಿದ್ದು ಫಲಿಸಿತೋ ಇಲ್ಲವೋ ಎಂದು ಹೇಳುವುದು ಮಾತ್ರ ದಾಳ. ಕಾಲೇಜಿನಲ್ಲಿ ಯಾರಿಂದಲೋ ಸಿಕ್ಕಿದ, ಇಂಥ ಆಟಗಳ ದಪ್ಪ ನಿಯಮಪುಸ್ತಕದ ತುಂಬ ಹೊಡೆಯುವ, ಕಡಿಯುವ ಲೆಕ್ಕ. ಇಳಿಯದೂರಿಗೆ ಅದು ದೊಡ್ಡಪ್ಪನ ಅಂಗಿಯನ್ನು ಮಗುವಿಗೆ ತೊಡಿಸಿದ ಹಾಗಿತ್ತು. ಆದರೂ ಆಡುತ್ತಿದ್ದರು, ಬೇರೆ ಅಂಗಿ ಇರಲಿಲ್ಲವಲ್ಲ!

ತಂಗಿ ಹೋದ ಮೇಲೆ ಫೋನಿತ್ತು, ನಿಜ. ಊಟ ಆಯಿತಾ, ಅಲ್ಲಿ ಸೆಕೆಯಾ ಎನ್ನುವಷ್ಟರಲ್ಲಿ ಮಾತು ಮುಗಿಯುತ್ತಿತ್ತು. ಮೊದಲಿನಿಂದಲೂ ಸುಪ್ರೀತಾ ಹಾಗೆಯೇ. ತನ್ನ ಬಾಯಿಂದ ಏನೂ ಹೇಳುವವಳಲ್ಲ, ನೀಲುವಿನ ಬಾಯಿಂದ ಎಲ್ಲವನ್ನೂ ಹೇಳುವವಳು. ಸಾತ್ವಿಕಾಳಿಗೆ ಬೇಕಾಗಿದ್ದದ್ದು ಆ ನೀಲು. ಬೆಳ್ತಂಗಡಿಯ ಲ್ಯಾಬಿಗೆ ಕೆಲಸಕ್ಕೆ ಹೋಗುವ ಬಸ್ಸು ಪುಂಜಾಲಕಟ್ಟೆಯಲ್ಲಿ ನಿಂತಾಗ, ಪಕ್ಕದ ಸೀಟು ಖಾಲಿಯಾದರೆ ಸಾಕು, ಅವಳಿಗೆ ತಂಗಿಯ ನೆನಪು ನುಗ್ಗಿ ಬರುತ್ತಿತ್ತು.

ಈ ವರ್ಷ ಆಟಿಯಲ್ಲಿ, ಆ ಜಡಿಮಳೆಯ ತುಳು ತಿಂಗಳಲ್ಲಿ, ಕೆಲವು ದಿನಕ್ಕೆ ಬರುತ್ತೇನೆ ಎಂದು ಸುಪ್ರೀತಾ ತಿಳಿಸಿದಳು. ನೀಲುವನ್ನು ದಡ ಮುಟ್ಟಿಸಿಯೇ ಬಿಡುವುದೆಂದು ಸಾತ್ವಿಕಾ ತೀರ್ಮಾನಿಸಿದಳು, ಆದರೆ ಆ ಹಾಳು ದಾಳದಿಂದ ಅಲ್ಲ. ಲ್ಯಾಬಿನ ಸಹೋದ್ಯೋಗಿ ಸಮ್ಮೇದನ ಮನೆ ಮೂಡುಬಿದಿರೆಯಲ್ಲಿ. ಅಲ್ಲಿ ಅವನ ಅಜ್ಜಿ ಪ್ರಭಾವತಿ ಅವಳಿಗೆ ಚೆನ್ನೆಮಣೆ ಕಲಿಸಿದರು. ಉದ್ದನೆಯ ಮರದ ಮಣೆ, ಎದುರುಬದುರು ಎರಡು ಸಾಲು ಗುಳಿ, ಗುಳಿಗಳಲ್ಲಿ ಕೆಂಪು ಮಂಜೊಟ್ಟಿ ಬೀಜ. ಒಂದು ಗುಳಿಯದ್ದನ್ನು ಎತ್ತಿ ಮುಂದಿನವಕ್ಕೆ ಒಂದೊಂದೇ ಹಾಕುತ್ತ ಹೋಗಬೇಕು. ಕೈಯ ಬೀಜ ಮುಗಿದಾಗ ಖಾಲಿ ಗುಳಿ ಎದುರಾದರೆ ಅದರಾಚೆಯ ಗುಳಿಯದ್ದು ನಮಗೆ. ನೋಡುತ್ತಿದ್ದಂತೆ ಸಾತ್ವಿಕಾಳಿಗೆ ಮಣೆಯಲ್ಲಿ ಇಳಿಯದೂರೇ ಕಂಡಿತು. ಗುಳಿಯೆಂದರೆ ಮನೆ, ಬೀಜವೆಂದರೆ ನೆನಪು. ಎದುರು ಕೂತವರು ಹೊಳೆ, ಹೊಳೆಗೆ ಬೀಜ ಹೋದಾಗಲೆಲ್ಲ ನೀಲು ಒಂದು ನೆನಪು ಹೇಳಬೇಕು. ಕೊನೆಯ ಗುಳಿ ಗೆದ್ದರೆ ದಡ. ತಂಗಿ ಬರುವವರೆಗೂ ದಿನವೂ ಬಸ್ಸಿನಲ್ಲಿ ಕೂತು ಅವಳು ಇದನ್ನೇ ತಿದ್ದಿದಳು. ಮಣೆಯನ್ನೂ ಎರವಲು ತಂದಳು.

ಸುಪ್ರೀತಾ ಹೊರಡುವ ದಿನ ಮಧ್ಯಾಹ್ನದವರೆಗೂ ನೆಂಟರಿಂದ ಬಿಡುವಾಗಲಿಲ್ಲ. ಕಾರು ಬರುವುದಕ್ಕೆ ಮುಂಚೆ ಉಳಿದ ಹೊತ್ತಿನಲ್ಲಿ ಸಾತ್ವಿಕಾ ಮಣೆಯನ್ನು ಚಾಪೆಯ ಮೇಲಿಟ್ಟಳು. ಇಬ್ಬರೂ ಎದುರುಬದುರು ಕೂತರು. ಒಳಗಿನಿಂದ ಬಂದ ತಾಯಿ ಶಶಿಪ್ರಭಾ ಅಲ್ಲೇ ನಿಂತುಬಿಟ್ಟರು.

"ಎಂತ ಮಾಡ್ತಿದ್ದೀರಿ? ಅಕ್ಕತಂಗಿ ಎದುರು ಕೂತು ಚೆನ್ನೆ ಆಡುವುದುಂಟಾ? ಆಡಿದರೆ ಜಗಳ ಹುಟ್ಟಿ ಸಂಬಂಧವೇ ಕಡಿದುಹೋಗ್ತದೆ ಅಂತಾರೆ."

ಸಾತ್ವಿಕಾ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಇಡೀ ಊರಿಗೆ ಹೊಸ ನಿಯಮ ಹೊಲಿದವಳು ತನ್ನೂರಿನ ನಿಯಮವನ್ನೇ ಮರೆತಿದ್ದಳು. ಅಭ್ಯಾಸಕ್ಕೆ ಆಡಿದ್ದೆಲ್ಲ ಸಮ್ಮೇದನ ಜೊತೆ, ಹೊಳೆಯುವುದಾದರೂ ಹೇಗೆ? "ಅಮ್ಮ, ಇದು ಕತೆ ಆಟ," ಎಂದಳು.

ಸುಪ್ರೀತಾ ಕೈ ಹಿಂದೆ ತೆಗೆದುಕೊಂಡಿದ್ದಳು. ಇಂಥದ್ದಕ್ಕೆಲ್ಲ ನಗುವ ಹುಡುಗಿ ಈಗ ನಗಲಿಲ್ಲ. "ಬೇಡ ಅಕ್ಕ. ಮೊದಲೇ ಇಷ್ಟು ದೂರ ಇದ್ದೇವೆ."

ಸಾತ್ವಿಕಾಳಿಗೆ ಅಳು ಬಂತು. ಮಣೆಯನ್ನು ಎತ್ತಲೆಂದು ಬಾಗಿದವಳು ಹಾಗೆಯೇ ತಡೆದು ನಿಂತಳು. ಇಷ್ಟು ವರ್ಷ ತಾನೇ ಹೊಳೆಯಾಗಿ ತಂಗಿಯ ಎದುರು ಕೂರಬೇಕೆಂದು ಯಾರು ಹೇಳಿದ್ದು? ಅದು ಆ ಪುಸ್ತಕದ ನಿಯಮ. ಅವಳು ಎದ್ದು ಸುಪ್ರೀತಾಳ ಪಕ್ಕಕ್ಕೆ, ಭುಜ ತಾಗುವಷ್ಟು ಹತ್ತಿರ ಕೂತಳು.

"ದೋಣಿಯಲ್ಲಿ ನಾನೂ ಇದ್ದೇನೆ. ಅಮ್ಮ, ನೀವು ಆಚೆ ಕೂತ್ಕೊಳ್ಳಿ. ನೀವು ಹೊಳೆ."

"ನನಗೆ ಬೇರೆ ಕೆಲಸ ಇಲ್ಲವಾ?" ಎನ್ನುತ್ತಲೇ ಶಶಿಪ್ರಭಾ ಸೆರಗು ಸಿಕ್ಕಿಸಿ ಕೂತರು. "ಆಟಿ ಕಳೆದ ಮೇಲೆ ಚೆನ್ನೆ ಆಡಬಾರದು. ಆಟಿ ಮುಗಿದ ದಿನ ಇದು ಒಳಗೆ ಹೋಗಬೇಕು, ಈಗಲೇ ಹೇಳಿದ್ದೇನೆ."

ಕೂತದ್ದೇ ಕೂತದ್ದು, ದಯೆ ದಾಕ್ಷಿಣ್ಯ ಇಲ್ಲ! ಎರಡನೆಯ ಸುತ್ತಿಗೇ ಮಕ್ಕಳ ಗುಳಿ ಬಾಚಿಕೊಂಡರು. ಲೆಕ್ಕದಂತೆ ನೀಲು ನೆನಪು ಕೊಡಬೇಕಾಯಿತು. ಸುಪ್ರೀತಾ ಬೀಜಗಳನ್ನೇ ನೋಡುತ್ತ, ಹಳೆಯ ನೀಲುವಿನ ಒರಟು ದನಿಯಲ್ಲಿ ಹೇಳಿದಳು: "ಹೊಳೆಯೇ, ತೆಗೆದುಕೋ. ಮಧ್ಯಾಹ್ನ ಒಬ್ಬಳೇ ಊಟಕ್ಕೆ ಕೂತು, ನಿನಗೂ ಬಡಿಸಬೇಕಾ ಅಂತ ಟೀವಿಯನ್ನು ಕೇಳಿದ ದಿನ. ಅದು ನನಗೆ ಬೇಡ."

ಶಶಿಪ್ರಭಾರ ಕೈ ಮಣೆಯ ಮೇಲೆಯೇ ನಿಂತಿತು. ಸಾತ್ವಿಕಾ ತಂಗಿಯ ಭುಜಕ್ಕೆ ಇನ್ನಷ್ಟು ಒತ್ತಿ ಕೂತಳು. ನೀಲು ಹೊಳೆಗೆ ಇನ್ನೂ ಒಂದೆರಡು ಕೊಟ್ಟಳು. ಕೊನೆಗೆ ತಾಯಿಯೇ ಮೆಲ್ಲಗೆ, "ಒಂದು ಒಳ್ಳೆಯದನ್ನು ಕೊಡು ಮಗಾ," ಎಂದರು. "ಒಳ್ಳೆಯದಿರುವುದು ಆ ಕಿಟಕಿಯಲ್ಲಿ ಕೂತದ್ದು. ಅದನ್ನು ಕೊಡುವುದಿಲ್ಲ," ಎಂದಳು ನೀಲು.

ಹೊರಗೆ ಕಾರಿನ ಹಾರ್ನ್ ಕೇಳಿದಾಗ ತಂಗಿಯ ಸರದಿ. ಎರಡನೆಯ ಗುಳಿ ಎತ್ತಿದರೆ ನೇರ ದಡ. ಸಾತ್ವಿಕಾ ಆರು ವರ್ಷ ಕಾದದ್ದು ಇದಕ್ಕೇ. ಸುಪ್ರೀತಾಳ ಬೆರಳು ಆ ಗುಳಿಯ ಮೇಲೆ ತುಸು ನಿಂತು, ಪಕ್ಕದ್ದನ್ನು ಎತ್ತಿತು.

"ಎಂತ ಮಾರಾಯ್ತಿ, ಕಣ್ಣು ಕಾಣುವುದಿಲ್ಲವಾ? ಅದನ್ನು ಎತ್ತಿದ್ದರೆ ಗೆಲ್ಲುತ್ತಿದ್ದೆ," ಎಂದರು ಶಶಿಪ್ರಭಾ.

"ಕಾಣ್ತದೆ ಅಮ್ಮ. ನೀಲು ದಡಕ್ಕೆ ಇಳಿದುಬಿಟ್ಟರೆ ಮತ್ತೆ ಇಲ್ಲಿಗೆ ಬರ್ಲಿಕ್ಕೆ ಅವಳಿಗೆ ಎಂತ ಕಾರಣ ಉಂಟು?"

ನೀಲು ದಡ ಸೇರಬೇಕೆಂದು ಹಂಬಲಿಸಿದ್ದ ಸಾತ್ವಿಕಾಳಿಗೆ ಆಗ ತಿಳಿಯಿತು, ತನಗೆ ಬೇಕಿದ್ದದ್ದು ದಡವೇ ಅಲ್ಲ. ಅವಳು ತಂಗಿಯ ಬ್ಯಾಗು ಎತ್ತಿಕೊಂಡು ಕಾರಿನವರೆಗೆ ಹೋದಳು.

ಆಟಿ ಮುಗಿಯಿತು. ಸಮ್ಮೇದನ ಅಜ್ಜಿ, ಮಣೆ ನಿನ್ನಲ್ಲೇ ಇರಲಿ ಎಂದಿದ್ದರು. ಒಳಗಿಡಬೇಕೆಂದು ಸಾತ್ವಿಕಾ ಬೀಜಗಳನ್ನು ಬಾಚಲು ಕೈ ಹಾಕಿದಳು. ಶಶಿಪ್ರಭಾ ಅಡುಗೆಮನೆಯಿಂದ ಓಡಿಬಂದು ಆ ಕೈ ಹಿಡಿದರು. ಒಗೆದ ಬೈರಾಸು ಬಟ್ಟೆಯೊಂದನ್ನು ತಂದು, ಒಂದು ಬೀಜವೂ ಅಲುಗದ ಹಾಗೆ ಮಣೆಗೆ ಹೊದಿಸಿದರು.

"ಇರಲಿ, ಮುಟ್ಟಬೇಡ. ಮಗು ಇನ್ನೂ ನೀರಿನಲ್ಲಿ ಉಂಟು."