ಪಿಂಗಾಣಿ ಕೈಗಳು

ಗುಂಡಿ ಒತ್ತಿದ್ದನೋ, ಒತ್ತಬೇಕೆಂದುಕೊಂಡಿದ್ದನೋ?

ಬೆರಳು ಗುಂಡಿಯ ಮೇಲೇ ಇತ್ತು. ಎದುರಿಗೆ ಕೈಗವಸು ಕಾರ್ಖಾನೆಯ ಯಂತ್ರದ ಸರಪಳಿಯಲ್ಲಿ ಪಿಂಗಾಣಿಯ ಅಚ್ಚಿನ ಕೈಗಳು ಸಾಲಾಗಿ ತಲೆಕೆಳಗಾಗಿ ನಿಂತಿದ್ದವು, ರಬ್ಬರ್ ಹಾಲಿನ ತೊಟ್ಟಿಯಲ್ಲಿ ಬೆರಳದ್ದಿಕೊಂಡು. ಮೇಲೆದ್ದರೆ ಒಂದೊಂದರ ಮೇಲೂ ಒಂದು ಕೈಗವಸು.

ಆ ಬಿಳಿ ಸಾಲಿನ ನಡುವೆ ಒಂದು ಕೈ ಕಪ್ಪಗಿತ್ತು, ರೋಮವಿತ್ತು, ಉಂಗುರವಿತ್ತು. ಅದು ಭಾವನದು. ಹಲ್ಲುಚಕ್ರಕ್ಕೆ ಸುತ್ತಿಕೊಂಡ ಬಟ್ಟೆಚೂರನ್ನು ಫಿಟ್ಟರ್ ಭಾವ ಬೆರಳಿನಿಂದಲೇ ಕೀಳುತ್ತಿದ್ದ.

"ನಿಲ್ಸಿದ್ಯೇನೋ?" ಕೈ ಹಾಕುವ ಮೊದಲು ಕೇಳಿದ್ದ.

"ನಿಲ್ಸಿದೀನಿ ಭಾವ."

ಹೇಳಿದ್ದು ನೆನಪಿದೆ. ಮಾಡಿದ್ದು ನೆನಪಿಲ್ಲ.

ಸರಪಳಿ ನಿಂತಿದೆ, ನಿಜ. ಆದರೆ ಕೈಗಳು ತೊಟ್ಟಿಗಿಳಿದಾಗಲೆಲ್ಲ ಅದು ತಾನಾಗಿಯೇ ಕೊಂಚ ನಿಲ್ಲುತ್ತದೆ, ಮತ್ತೆ ಹೊರಡುತ್ತದೆ. ಇರುವುದೊಂದೇ ಗುಂಡಿ. ಒತ್ತಿದರೆ ನಿಲ್ಲುತ್ತದೆ, ಇನ್ನೊಮ್ಮೆ ಒತ್ತಿದರೆ ಹೊರಡುತ್ತದೆ. ಗುಂಡಿಯಿಂದ ನಿಂತದ್ದೋ, ತಾನಾಗಿ ನಿಂತದ್ದೋ ಎಂದು ತಿಳಿಸುವ ಕೆಂಪು ದೀಪ ಸುಟ್ಟುಹೋಗಿ ಎಷ್ಟೋ ದಿನವಾಗಿತ್ತು. ಹೊಸದು ಹಾಕಿಸಬೇಕಾದವನು ತಾನೇ. ಇಂಜಿನಿಯರ್.

ಊಟದ ಬಿಡುವಿನಲ್ಲಿ ನೀರಿನ ಟ್ಯಾಂಕಿನ ಹಿಂದೆ ನಿಂತು ಗಾಂಜಾ ಸೇದಿ ಬಂದಿದ್ದ. ಸೇದಿದ ಮೇಲೆ ಅವನಿಗೆ ಅಂದುಕೊಂಡದ್ದೂ ಮಾಡಿದ್ದೂ ಒಂದಕ್ಕೊಂದು ಅಂಟಿಕೊಂಡುಬಿಡುತ್ತವೆ. ಹಿಂದಿನ ಕೆಲಸ ಹೋದದ್ದೂ ಅದಕ್ಕೇ. ಇನ್ನು ಮುಟ್ಟುವುದಿಲ್ಲವೆಂದು ಅಕ್ಕನಿಗೆ ಮಾತು ಕೊಟ್ಟಿದ್ದ. ಅದನ್ನು ನಂಬಿ ಭಾವ ಮ್ಯಾನೇಜರನ ಬಾಗಿಲು ಕಾದು, "ನಮ್ಮ ಭಾಮೈದ ಸಾರ್, ನಾನು ಜವಾಬ್ದಾರಿ" ಎಂದು ಹಲ್ಲು ಗಿಂಜಿ, ಈ ಕೆಲಸ ಕೊಡಿಸಿದ್ದ.

ಕೈ ತೆಗೀರಿ ಭಾವ. ಇಷ್ಟೇ ಹೇಳಬೇಕಾದದ್ದು. ಹೇಳಿದರೆ ಯಾಕೆ ಅನ್ನುತ್ತಾನೆ. ಹತ್ತಿರ ಬರುತ್ತಾನೆ. ಕಣ್ಣು ನೋಡುತ್ತಾನೆ. ಸಂಜೆಗೆ ಅಕ್ಕನಿಗೆ ಗೊತ್ತಾಗುತ್ತದೆ.

"ಹಾಳಾದ್ದು, ಜಿಗಣೆ ಥರ ಕಚ್ಕೊಂಡಿದೆ," ಭಾವ ಗೊಣಗಿದ. "ಏನ್ ಇಂಜಿನಿಯರ್ ಸಾಹೇಬ್ರೇ, ನಿಂತಲ್ಲೇ ನಿದ್ದೆನಾ?"

"ಇಲ್ಲ."

"ರಾತ್ರಿ ಊಟಕ್ಕೆ ಬಾ. ನಿಮ್ಮಕ್ಕ ಹೇಳಿದಾಳೆ."

"ನೋಡೋಣ."

ಸರಪಳಿ ಇಷ್ಟು ಹೊತ್ತು ತಾನಾಗಿ ನಿಲ್ಲುವುದುಂಟೇ? ಅಥವಾ ಹೊತ್ತೇ ಆಗಿಲ್ಲವೇ? ಬೆರಳಿನ ಕೆಳಗೆ ಗುಂಡಿ ಬೆವರಿತು.

"ಭಾವ, ಕೈ ತೆಗೀರಿ," ಎಂದ.

ಭಾವ ತೆಗೆಯಲಿಲ್ಲ. ತಿರುಗಿ ನೋಡಲೂ ಇಲ್ಲ.

ಎಂದನೋ, ಎನ್ನಬೇಕೆಂದುಕೊಂಡನೋ?

ಮತ್ತೆ ಬಾಯಿ ತೆರೆದ. ನಗು ಬಂತು. ಸಣ್ಣದು, ಯಾರದೋ ಎಂಬಂಥದು.

"ಯಾಕೋ ನಗ್ತೀಯಾ?"

ಭಾವ ಮುಖ ತಿರುಗಿಸಿದ. ಕೈ ತೆಗೆಯಲಿಲ್ಲ. ಅವನ ಕಣ್ಣನ್ನೇ ನೋಡಿದ. ನೋಡುತ್ತ ನೋಡುತ್ತ ಭಾವನ ಮುಖದ ಬಣ್ಣ ಇಳಿಯಿತು.

"ನೀನು ಮತ್ತೆ..."

ಭಾವನ ಬೆನ್ನ ಹಿಂದೆ, ಸಾಲಿನ ತುದಿಯ ಕೈ ಅಲುಗಿದಂತೆ ಕಂಡಿತು. ಬಿಳಿಯ ಹನಿಯೊಂದು ಅದರ ಬೆರಳ ತುದಿಯಲ್ಲಿ ತೂಗಿತು.

ಒತ್ತಬೇಕು. ಒತ್ತಬಾರದು. ಅವನು ಗುಂಡಿಯ ಮೇಲಿದ್ದ ತನ್ನ ಬೆರಳನ್ನು ನೋಡಿದ. ಅದು ಬೆಳ್ಳಗೆ, ತಣ್ಣಗೆ, ಒಂದು ಗೆರೆಯೂ ಇಲ್ಲದೆ, ಯಾರಾದರೂ ಬಂದು ತನ್ನನ್ನು ಅದ್ದಲಿ ಎಂಬಂತೆ ನೆಟ್ಟಗೆ ನಿಂತಿತ್ತು.